ಮಗಳ ಕೈಗೆ ಮೊದಲ ಕ್ಯಾಮೆರಾ

ಪ್ರಶ್ನೆ: ಒಂಬತ್ತು ವರ್ಷದ ಮಗಳು ಕ್ಯಾಮೆರಾ ಬೇಕೆಂದು ಹಟ ಹಿಡಿದಿದ್ದಾಳೆ. 48 ಮೆಗಾಪಿಕ್ಸೆಲ್‌ನ ಮಕ್ಕಳ ಕ್ಯಾಮೆರಾ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?

ಉತ್ತರ: ಬೇಡಮ್ಮ. ಇಂಥ ಅಗ್ಗದ ಆಟಿಕೆ ಕ್ಯಾಮೆರಾಗಳ ಸೆನ್ಸರ್ ತೀರಾ ಚಿಕ್ಕದು. ಸಾಮಾನ್ಯವಾಗಿ ಸಾಫ್ಟ್‌ವೇರ್ ಚಿತ್ರವನ್ನು ಹಿಗ್ಗಿಸಿ ಆ ದೊಡ್ಡ ಸಂಖ್ಯೆ ತೋರಿಸುತ್ತದೆ. 4x6 ಅಂಗುಲದ ಒಳ್ಳೆಯ ಪ್ರಿಂಟ್‌ಗೆ ಸುಮಾರು 2 ಮೆಗಾಪಿಕ್ಸೆಲ್ ಸಾಕು. ಸಂಜೆ ಮನೆಯೊಳಗೆ ತೆಗೆದರೆ ಮುಖಗಳೆಲ್ಲ ಕಲಸಿಹೋಗುತ್ತವೆ. ಮಗು ತಪ್ಪು ತನ್ನದೇ ಅಂದುಕೊಂಡು ಕ್ಯಾಮೆರಾವನ್ನು ಮೂಲೆಗಿಡುತ್ತದೆ. ನನಗೆ ಸಂಕಟವಾಗುವುದು ಅದಕ್ಕೇ.

ಸ್ವಲ್ಪ ಹೆಚ್ಚು ಖರ್ಚಾದರೂ ಕ್ಯಾನನ್ ಇಕ್ಸಸ್, ನಿಕಾನ್ ಕೂಲ್‌ಪಿಕ್ಸ್‌ನಂಥ ಸೆಕೆಂಡ್‌ಹ್ಯಾಂಡ್ ಕಾಂಪ್ಯಾಕ್ಟ್ ನೋಡಿ. ಅಂಗಡಿಯಲ್ಲೇ ಆನ್ ಮಾಡಿ: ಲೆನ್ಸ್ ಕಿರಗುಟ್ಟದೆ ಹೊರಬರಬೇಕು, ಬ್ಯಾಟರಿ ಉಬ್ಬಿರಬಾರದು, ಬದಲಿ ಬ್ಯಾಟರಿ ಸಿಗುವಂತಿರಬೇಕು. ಮೆಮೊರಿ ಕಾರ್ಡ್ ಬಗ್ಗೆ ಎಚ್ಚರ. ಹಳೆಯ ಎಷ್ಟೋ ಮಾಡೆಲ್‌ಗಳು 32 ಜಿಬಿಗಿಂತ ದೊಡ್ಡ ಕಾರ್ಡ್ ಓದುವುದಿಲ್ಲ. 2006ಕ್ಕಿಂತ ಹಿಂದಿನವಕ್ಕೆ ಸಾಮಾನ್ಯವಾಗಿ 2 ಜಿಬಿಯೇ ಮಿತಿ.

ಕೈಪಟ್ಟಿ ಹಾಕಿಕೊಳ್ಳದೆ ಕ್ಯಾಮೆರಾ ಮುಟ್ಟಬಾರದೆಂಬ ಒಂದೇ ನಿಯಮ ಮಾಡಿ. ಬಟನ್ ಅರ್ಧ ಒತ್ತಿ ಫೋಕಸ್ ಆದಮೇಲೆ ಪೂರ್ತಿ ಒತ್ತುವುದನ್ನು ಕಲಿಸಿಕೊಡಿ. ಅವಳು ತೆಗೆದ ಚಿತ್ರಗಳನ್ನು ನೀವಾಗಿ ಅಳಿಸಲೇಬೇಡಿ. ನಾಯಿಯ ಬಾಲವಷ್ಟೇ ಬಂದಿದ್ದರೂ ಏಕೆ ತೆಗೆದಳೆಂದು ಕೇಳಿ, ತಿಂಗಳಿಗೆ ಅವಳೇ ಆರಿಸಿದ ನಾಲ್ಕಾರು ಚಿತ್ರ ಪ್ರಿಂಟ್ ಹಾಕಿಸಿಕೊಡಿ.