ಗೋಡೆಯ ಮೇಲಿನ ಮಣ್ಣಿನ ಗೆರೆ

ಭದ್ರಾವತಿಯ ಹಳೇನಗರದ ಹಂಚಿನ ಮನೆಯಲ್ಲಿ ಗೆದ್ದಲಿನ ಜೊತೆ ವರ್ಷಗಟ್ಟಲೆ ಏಗಿದ ಮೇಲೆ ನನಗೆ ಮನದಟ್ಟಾಗಿರುವುದು ಇಷ್ಟು: ಗೆದ್ದಲು ಹಿಡಿದರೆ ಮರಕ್ಕಿಂತ ಮೊದಲು ತೇವ ಎಲ್ಲಿದೆ ನೋಡಬೇಕು.

ಗೆದ್ದಲಿನ ಮೈ ತೀರಾ ಮೆತ್ತಗೆ. ಬಯಲಿಗೆ ಬಿದ್ದರೆ ಬೇಗ ಒಣಗಿ ಸಾಯುತ್ತದೆ. ಅದಕ್ಕೇ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುವುದು. ಗೋಡೆಯ ಮೇಲಿನ ಆ ಗೆರೆಯನ್ನು ಒಂದಿಂಚು ಕೆರೆದು ಸುಮ್ಮನೆ ನಿಂತು ನೋಡಿ. ಮೊದಲು ದೊಡ್ಡ ತಲೆಯ ಸೈನಿಕ ಹುಳಗಳು ದವಡೆ ಅಗಲಿಸಿಕೊಂಡು ತೂತಿಗೆ ಅಡ್ಡ ನಿಲ್ಲುತ್ತವೆ. ಹಿಂದೆಯೇ ಕಣ್ಣಿಲ್ಲದ, ಬಿಳಿಚಿದ ಕೆಲಸಗಾರ ಹುಳಗಳು ಎಂಜಲಲ್ಲಿ ಕಲಸಿದ ಮಣ್ಣನ್ನು ಚೂರುಚೂರೇ ತಂದು ಅಂಚಿಗೆ ಮೆತ್ತುತ್ತವೆ. ಬೆಳಗಾಗುವುದರೊಳಗೆ ತೂತು ಮುಚ್ಚಿರುತ್ತದೆ. ಹೊಸ ಮಣ್ಣು ಒದ್ದೆ ಒದ್ದೆ. ಆ ನೀರು ಎಲ್ಲಿಂದಲೋ ಬರಬೇಕಲ್ಲ!

ನಮ್ಮಲ್ಲಿ ಬರುತ್ತಿದ್ದುದು ಬಚ್ಚಲ ಹಿಂದೆ ಸೋರುತ್ತಿದ್ದ ಮೋರಿಯಿಂದ. ಪುಸ್ತಕದ ಕಪಾಟು ಅದೇ ಗೋಡೆಗೆ ಒರಗಿತ್ತು. ಒಂದು ಪುಸ್ತಕ ತೆರೆದರೆ ರಟ್ಟು ಹಾಗೇ ಇದೆ, ಹಾಳೆಗಳಿರಬೇಕಾದ ಕಡೆ ಮಣ್ಣು. ಊರಿನ ಕಾಗದ ಕಾರ್ಖಾನೆ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಕಾಗದ ಮಾಡಿದ್ದು ಬಿದಿರು, ನೀಲಗಿರಿಯಿಂದ ಎಂಬುದು ಈ ಊರಿನವರಿಗೆ ಗೊತ್ತು. ಗೆದ್ದಲಿಗಂತೂ ತೊಲೆ ಬೇರೆ, ಕಾಗದ ಬೇರೆ ಅಲ್ಲ. ಗೆರೆಗೆ ಸೀಮೆಎಣ್ಣೆ ಸುರಿದರೆ ಅದು ದಾರಿ ಬದಲಿಸುತ್ತದೆ, ನೆಲದೊಳಗಿನ ಗೂಡಿಗೆ ಏನೂ ಆಗುವುದಿಲ್ಲ. ಮೋರಿ ರಿಪೇರಿಯಾಗಿ, ಗೋಡೆ ಒಣಗಿ, ಕಪಾಟು ಗೇಣುದ್ದ ಈಚೆ ಬಂದ ಮೇಲೆಯೇ ಕಾಟ ತಗ್ಗಿದ್ದು.

"ಸಾಗುವಾನಿ ಚೇಗಿಗೆ ಸುಲಭಕ್ಕೆ ಬಾಯಿ ಹಾಕಲ್ಲ ಸ್ವಾಮಿ, ಹೊರಗಿನ ಬಿಳಿ ಮರ ಬಿಟ್ಟುಕೊಂಡ್ರೆ ಚೌಕಟ್ಟೇ ಹೋಗುತ್ತೆ" ಎಂದ ಬಡಗಿಯ ಮಾತು ನೂರಕ್ಕೆ ನೂರು ನಿಜ.

ತೋಟದ ಹುತ್ತವನ್ನು ಮಾತ್ರ ನಾನು ಅಗೆಸಿಲ್ಲ. ಅದರೊಳಗೆ ನಡೆಯುವುದು ಬೇಸಾಯ. ತಿಂದ ಸೋಗೆ, ದರಗನ್ನು ಹಿಕ್ಕೆಯಾಗಿ ಹಾಕಿ, ಅದರಿಂದ ಸ್ಪಂಜಿನಂಥ ಮುದ್ದೆ ಕಟ್ಟಿ, ಅದರ ಮೇಲೆ ಬೂಸ್ಟು ಬೆಳೆಸುತ್ತವೆ. ಬೂಸ್ಟು ಅರಗಿಸಿಕೊಟ್ಟದ್ದೇ ಅವುಗಳ ಊಟ. ಗೆದ್ದಲಿನ ಆರೈಕೆ ಇಲ್ಲದೆ ಈ ಬೂಸ್ಟು ಬೇರೆಲ್ಲೂ ಬದುಕುವುದಿಲ್ಲ. ಮಳೆ ಹಿಡಿದಾಗ ಹುತ್ತದ ಮೇಲೆ ಏಳುವ, ನಾವು ಆಸೆಪಟ್ಟು ತಿನ್ನುವ ಅಣಬೆ ಅದರದ್ದೇ. ರಾಜನೂ ರಾಣಿಯೂ ಆಳದ ಗಟ್ಟಿ ಕೋಣೆಯಲ್ಲಿರುವುದರಿಂದ ಮೇಲುಮೇಲೆ ಹುತ್ತ ಒಡೆದು ಪ್ರಯೋಜನವೂ ಇಲ್ಲ. ಒಣಗಿದ್ದನ್ನು ಮಣ್ಣಿಗೆ ಸೇರಿಸುವ ಇಷ್ಟು ದೊಡ್ಡ ಕೆಲಸವನ್ನು ನಮ್ಮ ಖರ್ಚಿಲ್ಲದೆ ಮಾಡುವ ಜೀವವನ್ನು ಮನೆಯಿಂದ ದೂರವಿದ್ದಾಗಲೂ ಕೊಲ್ಲುವುದು ತಪ್ಪೆಂದೇ ನನ್ನ ಅಭಿಪ್ರಾಯ. ಹೊಸದಾಗಿ ನೆಟ್ಟ ತೆಂಗಿನ ಸಸಿಗಳ ಬುಡವನ್ನಷ್ಟೇ ಬಿಡದೆ ನೋಡುತ್ತಿರುತ್ತೇನೆ. ಎಳೆಯ ಗಿಡವನ್ನು ಗೆದ್ದಲು ನಿಜಕ್ಕೂ ಉಳಿಸುವುದಿಲ್ಲ.