ಸಂಧಾನ ಕಲಿಸಿ ಬರುವ ವಿದ್ಯೆಯೇ?

ಪ್ರಶ್ನೆ: ಒಳಜಗಳದಲ್ಲಿ ಬೆಂದ ದೇಶಗಳ ಜನರಿಗೆ ಸಂಧಾನದ ತರಬೇತಿ ಕೊಡುತ್ತಾರಂತೆ. ನಮ್ಮೂರಲ್ಲಿ ಪಂಚಾಯ್ತಿ ಮಾಡುವ ಹಿರಿಯರು ಯಾವ ತರಬೇತಿಗೂ ಹೋದವರಲ್ಲ. ಬಂದೂಕು ಹಿಡಿದವರ ನಡುವೆ ಕೂತು ಮಾತಾಡುವುದನ್ನು ನಾಲ್ಕು ದಿನದ ಶಿಬಿರದಲ್ಲಿ ಕಲಿಸಲು ಆಗುತ್ತದೆಯೇ?
– ಓದುಗರೊಬ್ಬರು, ಶಿರಾ

ಉತ್ತರ: ನಾಲ್ಕು ದಿನದಲ್ಲಿ ಆಗುವುದಿಲ್ಲ. ಆದರೆ ನಿಮ್ಮೂರ ಹಿರಿಯರೂ ಹುಟ್ಟುತ್ತಲೇ ಕಲಿತು ಬಂದವರಲ್ಲ. ಎಷ್ಟೋ ವರ್ಷ ಜಗುಲಿಯ ತುದಿಯಲ್ಲಿ ಸುಮ್ಮನೆ ಕೂತು, ದೊಡ್ಡವರು ಹೇಗೆ ತೀರ್ಮಾನ ಮಾಡುತ್ತಾರೆಂದು ನೋಡಿದವರು. ಕಷ್ಟ ಬರುವುದು ಆ ಹಿರಿಯರೇ ಜಗಳದ ಒಂದು ಕಡೆಯವರಾದಾಗ. ಆಗ ಏನು ಮಾಡಬಹುದೆಂಬುದನ್ನು ಕೀನ್ಯಾ ದೇಶದ ವಜೀರ್ ಜಿಲ್ಲೆಯ ಹೆಂಗಸರು ತೋರಿಸಿಕೊಟ್ಟಿದ್ದಾರೆ.

ವಜೀರ್ ಇರುವುದು ಕೀನ್ಯಾದ ಈಶಾನ್ಯದಲ್ಲಿ, ಸೊಮಾಲಿಯಾ ಗಡಿಗೆ ತಾಗಿಕೊಂಡು. ಒಣ ನೆಲ. ಒಂಟೆ, ದನ, ಆಡು ಮೇಯಿಸಿ ಬದುಕುವ ಸೊಮಾಲಿ ಕುಲಗಳು: ದೆಗೋದಿಯಾ, ಅಜುರಾನ್, ಒಗಾಡೆನ್. 1991ರಲ್ಲಿ ಸೊಮಾಲಿಯಾದ ಸರ್ಕಾರ ಕುಸಿದದ್ದೇ ತಡ, ಬಂದೂಕುಗಳು ಗಡಿ ದಾಟಿ ಬಂದವು. ಜೊತೆಗೆ ಬರ. ಮೇಲಿಂದ 1992ರ ಚುನಾವಣೆ. ನೀರು ಮತ್ತು ಮೇವಿಗಾಗಿ ಹಿಂದಿನಿಂದಲೂ ಇದ್ದ ತಕರಾರು ಕೊಲೆಗಳ ಸರಣಿಯಾಯಿತು. ಸೈನ್ಯ ಏಕೆ ಬಿಡಿಸಲಿಲ್ಲ ಎಂದು ಕೇಳಬಹುದು. 1984ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ವಗಾಲಾ ವಿಮಾನಪಟ್ಟಿಯಲ್ಲಿ ಭದ್ರತಾ ಪಡೆಯವರೇ ದೆಗೋದಿಯಾ ಗಂಡಸರನ್ನು ಕೂಡಿಹಾಕಿ ಕೊಂದಿದ್ದರು. ಸತ್ತವರು ಎಷ್ಟು ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಸಮವಸ್ತ್ರದವರನ್ನು ಜನ ನಂಬುವುದಾದರೂ ಹೇಗೆ?

ಕೊನೆಗೆ ಜಗಳ ಮಾರುಕಟ್ಟೆಗೂ ಬಂತು. ಒಂದು ಕುಲದ ಹೆಂಗಸು ಇನ್ನೊಂದು ಕುಲದವಳಿಗೆ ಮಾರುವುದಿಲ್ಲ, ಅವಳಿಂದ ಕೊಳ್ಳುವುದೂ ಇಲ್ಲ. ಮಾತಿಗೆ ಮಾತು ಬೆಳೆದು ಹೊಡೆದಾಟ. 1993ರಲ್ಲಿ ಒಂದಷ್ಟು ಓದಿದ ಹೆಂಗಸರು ಸೇರಿ ಇದಕ್ಕೆ ಕೈಹಾಕಿದರು. ಅವರಲ್ಲೊಬ್ಬರು ದೆಖಾ ಇಬ್ರಾಹಿಂ ಅಬ್ದಿ. ಗುಂಡಿನ ಸದ್ದಿಗೆ ತಾವು ಮಗಳನ್ನು ಕರೆದುಕೊಂಡು ಮಂಚದಡಿ ಅಡಗಿದ್ದನ್ನು ಕೇಳಿದ ತಾಯಿ, ‘ನೀನು ಮಗುವಾಗಿದ್ದಾಗ ನಿನ್ನನ್ನೂ ಹೀಗೇ ಅಡಗಿಸಿಟ್ಟಿದ್ದೆ’ ಎಂದರಂತೆ. ಅದನ್ನು ಆಕೆ ಮುಂದೆ ಭಾಷಣಗಳಲ್ಲಿ ನೆನೆಯುತ್ತಿದ್ದರು. ಈ ಹೆಂಗಸರು ಶಾಂತಿಯ ಘೋಷಣೆ ಕೂಗಲಿಲ್ಲ. ಯಾವ ಕುಲದವಳೇ ಆಗಲಿ ಮಾರುಕಟ್ಟೆಗೆ ಬಂದು ವ್ಯಾಪಾರ ಮಾಡಬಹುದು ಎಂಬುದಷ್ಟೇ ಅವರ ಮೊದಲ ಕೆಲಸ. ಅದನ್ನು ನೋಡಿಕೊಳ್ಳಲು, ದೂರು ಬಂದರೆ ಅಲ್ಲೇ ಬಗೆಹರಿಸಲು ಒಂದು ಸಮಿತಿ ಮಾಡಿದರು.

ಆಮೇಲೆ ಕುಲದ ಹಿರಿಯರ ಸರದಿ. ದೊಡ್ಡ ಕುಲದ ಯಾರೇ ಸಭೆ ಕರೆದರೂ ಉಳಿದವರು ಬರುವುದಿಲ್ಲ. ಹಾಗಾಗಿ ಹೆಂಗಸರು ಮುಂದೆ ಬಿಟ್ಟದ್ದು ಎಲ್ಲಕ್ಕಿಂತ ಚಿಕ್ಕ ಕುಲದ ಹಿರಿಯರೊಬ್ಬರನ್ನು. ಅವರಿಂದ ಯಾರಿಗೂ ಭಯವಿಲ್ಲ, ಅವರು ಗೆದ್ದರೆಂದು ಯಾರೂ ಹೊಟ್ಟೆ ಉರಿದುಕೊಳ್ಳುವುದಿಲ್ಲ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವ ನಡೆ ಇದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕುಲಗಳ ನಡುವೆ ಅಲ್-ಫತಾ ಎಂಬ ಒಪ್ಪಂದವಾಯಿತು. ಎಲ್ಲಿ ಕಿಡಿ ಹತ್ತಿದರೂ ಹಿರಿಯರು, ಧರ್ಮಗುರುಗಳು, ಹೆಂಗಸರು, ಅಧಿಕಾರಿಗಳು ಒಟ್ಟಿಗೆ ಧಾವಿಸುವ ಪಡೆಯೊಂದು ಸಿದ್ಧವಾಯಿತು. 1995ರಲ್ಲಿ ಇವೆಲ್ಲ ವಜೀರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿ ಎಂಬ ಹೆಸರಿನಲ್ಲಿ ಜಿಲ್ಲಾಡಳಿತದೊಳಗೇ ಸೇರಿದವು. (ಸೊಮಾಲಿ ಪದ್ಧತಿಯಲ್ಲಿ ಕೊಲೆಗೆ ಪರಿಹಾರ ಗಂಡಸಿಗಾದರೆ 100 ಒಂಟೆ, ಹೆಂಗಸಿಗಾದರೆ 50. ಇಷ್ಟೆಲ್ಲ ಮಾಡಿದವರು ಆ ಅರ್ಧ ಬೆಲೆಯವರು!)

ಹಾಗಾದರೆ ತರಬೇತಿ ಎಲ್ಲಿ ಬಂತು? ದೆಖಾ ಮುಂದೆ ತಾವೇ ದೇಶ ದೇಶಗಳಲ್ಲಿ ಕಲಿಸಿದವರು. 2000ದಲ್ಲಿ ಬಂದ, ತರಬೇತುದಾರರು ಬಹಳ ಬಳಸುವ ಕೈಪಿಡಿಯೊಂದರ ಲೇಖಕರಲ್ಲಿ ಒಬ್ಬರು. ಇಂಥ ಶಿಬಿರಗಳಲ್ಲಿ ಕಲಿಸುವ ಒಂದು ಅಭ್ಯಾಸ ಹೇಳುತ್ತೇನೆ. ‘ಈ ಬಾವಿ ನಮ್ಮದು’ ಎಂದು ಒಬ್ಬ ಹಟ ಹಿಡಿಯುತ್ತಾನೆ. ಅದು ಬಾಯಲ್ಲಿ ಬರುವ ಮಾತು. ಕೆದಕುತ್ತ ಹೋದರೆ ಅವನಿಗೆ ಬೇಕಾದದ್ದು ಬೇಸಿಗೆಯಲ್ಲಿ ಒಂಟೆಗಳಿಗೆ ನೀರು. ಇನ್ನೂ ಕೆಳಗೆ ಹೋದರೆ ನೀರಿಗೆ ಹೋದ ಮಗ ಜೀವಂತ ಮರಳಿ ಬರಬೇಕು ಎಂಬ ಚಿಂತೆ. ಬಾವಿ ಇಬ್ಬರದೂ ಆಗಲಾರದು. ಮಕ್ಕಳು ಜೀವಂತ ಬರಲಿ ಎಂಬುದು ಇಬ್ಬರದೂ ಹೌದು. ಹೀಗೆ ಕೆದಕುವುದನ್ನು, ಯಾರು ಯಾರ ಮಾತು ಕೇಳುತ್ತಾರೆಂದು ನಕ್ಷೆ ಬರೆದು ನೋಡುವುದನ್ನು, ಸಿಟ್ಟಿನವನ ಮಾತನ್ನು ಅವನೇ ತಲೆಯಾಡಿಸುವಂತೆ ಮತ್ತೆ ಹೇಳುವುದನ್ನು ಖಂಡಿತ ಕಲಿಸಬಹುದು. ನಟಿಸಿ, ತಪ್ಪಿ, ಮತ್ತೆ ನಟಿಸಿ ಕಲಿಯುವ ವಿದ್ಯೆ ಇದು. ಚಿಕ್ಕ ಕುಲದ ಆ ಹಿರಿಯರು ಯಾರು ಎಂಬುದನ್ನು ಮಾತ್ರ ಹೊರಗಿನಿಂದ ಬಂದ ಯಾವ ಗುರುವೂ ಹೇಳಲಾರ. ಅದು ಊರಿನವರಿಗೇ ಗೊತ್ತಿರಬೇಕು.

ಕಲಿತದ್ದು ಬೇರೆ ಕಡೆಗೂ ಒದಗಿತು. 2007ರ ಡಿಸೆಂಬರಿನ ಚುನಾವಣೆಯ ಬೆನ್ನಿಗೆ ಕೀನ್ಯಾ ಹೊತ್ತಿ ಉರಿದು ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ದೆಖಾ ಮತ್ತು ನಾಲ್ವರು ನೈರೋಬಿಯಲ್ಲಿ ನಾಗರಿಕರ ವೇದಿಕೆಯೊಂದನ್ನು ಕಟ್ಟಿದರು. ಆ ಐವರಲ್ಲಿ ನಿವೃತ್ತ ಸೇನಾಧಿಕಾರಿಗಳೂ ರಾಯಭಾರಿಯೂ ಇದ್ದರು. ಮೇಲೆ ವಿಶ್ವಸಂಸ್ಥೆಯ ಮಾಜಿ ಮುಖ್ಯಸ್ಥ ಕೋಫಿ ಅನ್ನಾನ್ ನಾಯಕರನ್ನು ಕೂರಿಸಿಕೊಂಡು ಮಾತಾಡುತ್ತಿದ್ದರೆ ಕೆಳಗೆ ಇವರು. 2008ರ ಫೆಬ್ರವರಿ 28ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಎಲ್ಲ ಕಡೆಯೂ ಇದು ನಡೆಯುತ್ತದೆ ಎಂದುಕೊಳ್ಳಬೇಡಿ. 1998ರ ಅಕ್ಟೋಬರಿನಲ್ಲಿ ವಜೀರ್ ಜಿಲ್ಲೆಯದೇ ಬಗಾಲಾದಲ್ಲಿ ದಾಳಿಕೋರರು ನೂರಕ್ಕೂ ಹೆಚ್ಚು ದೆಗೋದಿಯಾ ಜನರನ್ನು ಕೊಂದರು. ಸಮಿತಿ ಇತ್ತು, ಪಳಗಿದ ಹಿರಿಯರಿದ್ದರು, ಹೆಂಗಸರಿದ್ದರು. ಬಂದವರು ಮಾತ್ರ ಆ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವರಾಗಿರಲಿಲ್ಲ.