ತೂಕಕ್ಕಿಂತ ಮೊದಲು ಶುಗರ್ ಇಳಿಯೋದು ಹೇಗೆ?

ನಮ್ಮಲ್ಲಿ ತುಂಬಾ ಜನರ ಮನೇಲಿ ಅಪ್ಪನಿಗೋ ಅಜ್ಜಿಗೋ ಶುಗರ್ ಇದೆ. "ತೂಕ ಇಳಿಸೋ ಆಪರೇಷನ್ ಮಾಡಿಸಿದ್ರೆ ಶುಗರೂ ಹೋಗುತ್ತಂತೆ" ಅನ್ನೋ ಮಾತು ಕೇಳಿರ್ತೀವಿ. ಇದು ಎಷ್ಟು ನಿಜ?

ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಚಿಕ್ಕ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸ್ತಾರೆ. ಅಮೆರಿಕದ ಸರ್ಜನ್ ವಾಲ್ಟರ್ ಪೋರೀಸ್ ತಂಡ 1995ರಲ್ಲಿ ಕೊಟ್ಟ ವರದಿ ಪ್ರಕಾರ, ಬೈಪಾಸ್ ಆದ 146 ಟೈಪ್ 2 ಮಧುಮೇಹಿಗಳಲ್ಲಿ 121 ಜನರ ಶುಗರ್ ನಾರ್ಮಲ್ ಆಗಿ ಉಳಿದಿತ್ತು. ವಿಚಿತ್ರ ಏನಂದ್ರೆ, ತೂಕ ಇಳಿಯೋಕೆ ತಿಂಗಳುಗಳು ಬೇಕು. ಶುಗರ್ ಮಾತ್ರ ಎಷ್ಟೋ ಸಲ ಕೆಲವೇ ದಿನಗಳಲ್ಲಿ ಇಳಿಯುತ್ತೆ.

ಇನ್ಸುಲಿನ್ ಸೆನ್ಸಿಟಿವಿಟಿಯನ್ನು ನಾವು ಓದೋ ಕಂಟ್ರೋಲ್ ಸಿಸ್ಟಮ್‌ನ 'ಗೇನ್' ಅಂದುಕೊಳ್ಳೋಣ. ಗೇನ್ ಕಡಿಮೆ ಆದ್ರೆ ಅದೇ ಕೆಲಸಕ್ಕೆ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಬೇಕು. ಇದನ್ನು ಅಂದಾಜು ಮಾಡೋಕೆ ಹೋಮಾ-ಐಆರ್ ಅನ್ನೋ ಸೂತ್ರ ಇದೆ: ಖಾಲಿ ಹೊಟ್ಟೆಯ ಗ್ಲೂಕೋಸ್ (ಮಿ.ಗ್ರಾಂ/ಡೆ.ಲೀ.) × ಇನ್ಸುಲಿನ್ (ಮೈಕ್ರೋಯೂನಿಟ್/ಮಿ.ಲೀ.) ÷ 405. ಲೆಕ್ಕಕ್ಕೆ ನಾವೇ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೊದಲು 162 × 20 ÷ 405 = 8. ಆಮೇಲೆ 108 × 7.5 ÷ 405 = 2. ಉತ್ತರ ಇಳಿದಷ್ಟೂ ಸೆನ್ಸಿಟಿವಿಟಿ ಹೆಚ್ಚು.

ಒಳಗೆ ನಡೆಯೋದು ಮೂರು ಕೆಲಸ, ಮೂರಕ್ಕೂ ಬೇರೆ ಬೇರೆ ವೇಗ.

1. ಲಿವರ್: ಆಪರೇಷನ್ ಆದ ಮೇಲೆ ಊಟ ತುಂಬಾ ಕಡಿಮೆ. ಲಿವರ್‌ನ ಕೊಬ್ಬು ಕರಗಿ, ಅದು ಕೆಲವೇ ದಿನಗಳಲ್ಲಿ ಇನ್ಸುಲಿನ್ ಮಾತು ಕೇಳೋಕೆ ಶುರು ಮಾಡುತ್ತೆ.

2. ಕರುಳು: ಆಹಾರ ಬೇಗ ಕೆಳಗಿನ ಕರುಳಿಗೆ ತಲುಪೋದ್ರಿಂದ ಜಿಎಲ್‌ಪಿ-1 ಹಾರ್ಮೋನ್ ಜಾಸ್ತಿ ಬರುತ್ತೆ. ಊಟದ ನಂತರ ಇನ್ಸುಲಿನ್ ಸ್ರವಿಸೋಕೆ ಇದು ನೆರವಾಗುತ್ತೆ.

3. ಸ್ನಾಯು: ಇಲ್ಲಿ ಸೆನ್ಸಿಟಿವಿಟಿ ಸುಧಾರಿಸೋದು ನಿಧಾನ, ತೂಕ ಇಳಿದ ಹಾಗೆಲ್ಲ.

ಹಾಗಾದ್ರೆ ಶುಗರ್ ಪೂರ್ತಿ ವಾಸಿ ಆಯ್ತಾ? ಎಲ್ಲರಿಗೂ ಅಲ್ಲ. 150 ಜನರನ್ನು ಸೇರಿಸಿಕೊಂಡ 'ಸ್ಟಾಂಪೀಡ್' ಅಧ್ಯಯನದಲ್ಲಿ 5 ವರ್ಷದ ನಂತರ ಎಚ್‌ಬಿಎ1ಸಿ 6% ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್ ಗುಂಪಿನಲ್ಲಿ 29%, ಬರೀ ಔಷಧಿ ತಗೊಂಡ ಗುಂಪಿನಲ್ಲಿ 5%. ಅಂತರ ದೊಡ್ಡದೇ, ಆದ್ರೆ 29 ಅಂದ್ರೆ 100 ಅಲ್ಲ. ಕೆಲವರಿಗೆ ವರ್ಷಗಳ ನಂತರ ಶುಗರ್ ವಾಪಸ್ ಬರುತ್ತೆ. ಕಬ್ಬಿಣ, ಬಿ12 ಕೊರತೆ ಆಗದ ಹಾಗೆ ಜೀವನಪೂರ್ತಿ ನೋಡ್ಕೋಬೇಕು.

ಮನೇಲಿ ಯಾರಾದ್ರೂ ಈ ಆಪರೇಷನ್ ಮಾಡಿಸಿದ್ರೆ ಒಂದು ವಿಷಯ ಮರೆಯೋದು ಬೇಡ. ಗೇನ್ ಬದಲಾದ ಮೇಲೆ ಹಳೇ ಇನ್‌ಪುಟ್ ಕೊಟ್ರೆ ಸಿಸ್ಟಮ್ ತಪ್ಪುತ್ತೆ. ಹಾಗೇ, ಹಳೇ ಡೋಸ್ ಇನ್ಸುಲಿನ್ ಅಥವಾ ಮಾತ್ರೆ ಮುಂದುವರಿಸಿದ್ರೆ ಶುಗರ್ ಅಪಾಯಕಾರಿಯಾಗಿ ಕುಸಿಯಬಹುದು. ತೂಕ ಇಳಿಯಲಿ ಅಂತ ಕಾಯದೆ, ಮೊದಲ ದಿನದಿಂದಲೇ ಶುಗರ್ ಚೆಕ್ ಮಾಡ್ತಾ, ಡಾಕ್ಟರ್ ಹತ್ರ ಡೋಸ್ ಸರಿ ಮಾಡಿಸ್ಕೊಳ್ಳೋಣ.